‘ಗಂಡಿನ ಮಿದುಳು, ಹೆಣ್ಣಿನ ಮಿದುಳು’ ಲೇಖನದ ಬಗ್ಗೆ

ನಮಸ್ಕಾರ,

ನೀವು ಕುಂಬಳೆಯಿಂದ ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಆದರೂ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಮಾತು ಹೆಂಗಸಿಗೆ, ದಾರಿ ದಿಕ್ಕು ಲೆಕ್ಕ ಗಂಡಸಿಗೆ ಎಂದು ಹುಟ್ಟುವಾಗಲೇ ಪಾಲಾಗಿದೆ ಎನ್ನುತ್ತೀರಿ. ಅದಕ್ಕೆ ಕೊಟ್ಟ ಆಧಾರಗಳು ನಿಲ್ಲುವುದಿಲ್ಲ.

ಹೆಂಗಸರು ದಿನಕ್ಕೆ 20,000 ಪದ ಆಡುತ್ತಾರೆ, ಗಂಡಸರು 7,000 ಎಂಬ ಅಂಕಿಯ ಹಿಂದೆ ಅಳತೆಯೇ ಇಲ್ಲ. 396 ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ಲೆಕ್ಕ ಹಾಕಿದ ಅಧ್ಯಯನ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇಬ್ಬರದೂ ಸುಮಾರು 16,000. ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರಪಟ್ಟಿ ಹೆಂಗಸರಲ್ಲಿ ದಪ್ಪ ಎಂಬ ಮಾತು 1982ರದ್ದು, ನೋಡಿದ್ದು ಬರೀ 14 ಮಿದುಳು. 1997ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಉಳಿಯಲಿಲ್ಲ.

ವ್ಯತ್ಯಾಸವೇ ಇಲ್ಲ ಎಂದು ಬರೆದರೆ ಅದೂ ಸುಳ್ಳು. ಆಕೃತಿಯೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ಹೆಚ್ಚು; ದಶಕಗಳಿಂದ ಮತ್ತೆ ಮತ್ತೆ ಕಂಡದ್ದು. ಅಲ್ಲೂ ಸರಿಸುಮಾರು ಕಾಲುಭಾಗ ಹೆಂಗಸರು ಗಂಡಸರ ಸರಾಸರಿಯನ್ನು ದಾಟುತ್ತಾರೆ. ನಿಮ್ಮ ತಂಗಿ ಪಾಲಿಟೆಕ್ನಿಕ್ ಸೇರಬೇಕೋ ಬೇಡವೋ ಎಂದು ಸರಾಸರಿ ನೋಡಿ ಹೇಳಲು ಬರುವುದಿಲ್ಲ. ಕೊನೆಯ ಪುಟದಲ್ಲಿ ನೀವು ಬೇಡವೆಂದು ಹೇಳಿಯೇಬಿಟ್ಟಿದ್ದೀರಿ. ನನಗೆ ಬೇಸರವಾದದ್ದು ಅಲ್ಲಿ.

ಇನ್ನು ಮೂರನೇ ಪುಟದ ಆ ಒಂದು ವಾಕ್ಯ. ಬಾಯಾರಿನ ನಿಮ್ಮ ಅಜ್ಜಿ, ತೋಟದ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಎರಡನೇ ಸುರಂಗ ಕೊರೆಸುವಾಗ, ಎಲ್ಲಿ ತಿರುಗಿಸಿದರೆ ಹಳೆಯದಕ್ಕೆ ತಾಗುವುದಿಲ್ಲ ಎಂದು ಅಂಗಳದಲ್ಲಿ ನಿಂತೇ ಕೆಲಸದವರಿಗೆ ಹೇಳಿದರಂತೆ. ಮುರಕಲ್ಲಿನೊಳಗೆ ಕಣ್ಣಿಗೆ ಕಾಣದ ಎರಡು ದಾರಿಗಳನ್ನು ಮನಸ್ಸಿನಲ್ಲಿ ಹಿಡಿದವರು ಅವರು! ನೀವು ‘ಅಪವಾದ’ ಎಂದು ಬರೆದು ಮುಂದೆ ಹೋದಿರಿ. ಇಡೀ ಲೇಖನದಲ್ಲಿ ನಿಮ್ಮ ಸ್ವಂತದ್ದು ಇದೊಂದೇ, ಇದೇ ನಿಮ್ಮ ವಾದಕ್ಕೆ ಅಡ್ಡ ನಿಂತಿದೆ. ಬರೆಯುವವರು ಕೂತು ಯೋಚಿಸಬೇಕಾದದ್ದು ಅಂಥಲ್ಲೇ. ಅವರಿಗೆ ಆ ಅಂದಾಜು ಎಲ್ಲಿಂದ ಬಂತು? ತೋಟದ ನೀರು ಯಾವ ವಯಸ್ಸಿನಿಂದ ಅವರ ಕೈಗೆ ಬಂತು? ಆಗ ಮನೆಯಲ್ಲಿ ಯಾರೂ ತಡೆಯಲಿಲ್ಲವೇ?

ಇಂಥ ಪ್ರಶ್ನೆಗೆ ಬೆನ್ನಿಗೆ ನಿಲ್ಲುವ ಅಧ್ಯಯನ ನಮ್ಮ ದೇಶದಲ್ಲೇ ನಡೆದಿದೆ, 2011ರಲ್ಲಿ ಪ್ರಕಟವಾಯಿತು. ಈಶಾನ್ಯದ ಸುಮಾರು 1,300 ಜನರಿಗೆ ನಾಲ್ಕು ತುಂಡುಗಳ ಚಿತ್ರ ಜೋಡಿಸಲು ಕೊಟ್ಟರು. ಆಸ್ತಿ ಗಂಡುಮಕ್ಕಳಿಗೆ ಹೋಗುವ ಕಾರ್ಬಿ ಸಮುದಾಯದಲ್ಲಿ ಗಂಡಸರು ಬೇಗ ಮುಗಿಸಿದರು. ಕಿರಿಯ ಮಗಳಿಗೆ ಆಸ್ತಿ ಬರುವ ಖಾಸಿಗಳಲ್ಲಿ ಅಂತರ ಕಾಣಲಿಲ್ಲ. ಒಂದೇ ಅಧ್ಯಯನದಿಂದ ಎಲ್ಲ ತೀರ್ಮಾನವಾಗದು. ಆದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದ ಅಳಿಯಕಟ್ಟಿನ ಮನೆತನಗಳಿರುವ ನಾಡಿನಲ್ಲಿ ಕೂತು ಬರೆಯುವವರನ್ನು ಇದು ಕೆಣಕಬೇಡವೇ? ಹಾಗೆಂದು ಖಾಸಿಗಳ ಕತೆಯನ್ನು ಇಲ್ಲಿಗೆ ನೇರ ತಂದು ಅಂಟಿಸಬೇಡಿ. ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದ ಬಂದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ ಆಗಿತ್ತು. ಕೇರಳದ 1975ರ ಕಾಯಿದೆ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು.

ಅಜ್ಜಿ ಈಗಲೂ ಗಟ್ಟಿಯಾಗಿದ್ದಾರೆ ಎಂದು ಬರೆದಿದ್ದೀರಿ. ಬಾಯಾರಿಗೆ ಹೋಗಿ ಅವರೊಡನೆ ಮಾತಾಡಿ. ಸುರಂಗ ಕೊರೆದವರು ಸಿಕ್ಕಿದರೆ ಅವರನ್ನೂ ಕೇಳಿ. ಮೊದಲ ಎರಡು ಪುಟ ಬಿಟ್ಟುಬಿಡಿ, ತಂಗಿಯ ಬಗೆಗಿನ ಪ್ಯಾರಾ ಪೂರ್ತಿ ತೆಗೆಯಿರಿ. ಸಾವಿರ ಪದಗಳೊಳಗೆ ಬರೆದು ಕಳಿಸಿದರೆ ಮಳೆಗಾಲದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ, ಕಾಸರಗೋಡು