ಧನವು ದನವಾಗದಂತೆ ಸ್ಕ್ಯಾನ್ ಮಾಡುವುದು

ಪ್ರಶ್ನೆ: ನಮ್ಮ ಅಜ್ಜ ಮೊಳೆಯಚ್ಚಿನಲ್ಲಿ ಮುದ್ರಿಸಿದ್ದ 96 ಪುಟಗಳ ಯಕ್ಷಗಾನ ಪ್ರಸಂಗವನ್ನು ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪಿಗೆ ತಿರುಗಿಸಿ, ಆಮೇಲೆ ಕಿರಿದುಗೊಳಿಸಿ ಜೆಪೆಗ್ ಚಿತ್ರಗಳಾಗಿ ಜಾಲತಾಣಕ್ಕೆ ಏರಿಸಿದ್ದೇನೆ. ಒತ್ತಕ್ಷರಗಳು ಮುಚ್ಚಿಹೋಗಿವೆ, ಅಕ್ಷರಗಳ ಸುತ್ತ ಧೂಳು ಕೂತಂತೆ ಕಾಣುತ್ತದೆ. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ತಾವು ಮಾಡಿದ ಕೆಲಸಗಳಲ್ಲಿ ಹೆಚ್ಚಿನ ದೋಷವಿಲ್ಲ, ಅವುಗಳ ಕ್ರಮದಲ್ಲಿದೆ. ಅಕ್ಷರದ ಅಂಚಿನಲ್ಲಿರುವ ಬೂದುಬಣ್ಣದ ಚುಕ್ಕೆಗಳೇ ಚಿತ್ರವನ್ನು ಕಿರಿದುಗೊಳಿಸುವಾಗ ಅದರ ಆಕಾರವನ್ನು ಕಾಯುತ್ತವೆ. ಮೊದಲೇ ಕಪ್ಪು-ಬಿಳುಪು ಮಾಡಿದರೆ ಆ ಚುಕ್ಕೆಗಳು ಅಳಿದುಹೋಗುತ್ತವೆ. ಬಳಿಕ ಕಿರಿದುಗೊಳಿಸಿದಾಗ ‘ಧ’ ಅಕ್ಷರದ ಬುಡದ ಸೀಳು ಮುಚ್ಚಿ ಧನವು ದನವಾಗುತ್ತದೆ, ಸೊನ್ನೆಯ ನಡುವಿನ ಬಿಳುಪು ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಪುಟವಾದರೆ ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಸಾಲಿನ ಕೆಳಗೆ ಇನ್ನೊಂದು ಸಣ್ಣ ಸಾಲಿನಂತೆ ಒತ್ತುಗಳಿರುವ ನಮ್ಮ ಲಿಪಿ ಸಹಿಸದು.

ಆದ್ದರಿಂದ ಪುಟಗಳನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆಗಳಂತೆ), ಗ್ರೇಸ್ಕೇಲ್ ಆಗಿಯೇ, ಅಂದರೆ ಬೂದುಬಣ್ಣದ ಛಾಯೆಗಳೂ ಉಳಿಯುವಂತೆ, ಸ್ಕ್ಯಾನ್ ಮಾಡಿ ಟಿಫ್ ಎಂಬ ಬಗೆಯ ಚಿತ್ರಕಡತವಾಗಿ ಉಳಿಸಿಕೊಳ್ಳಿ. ಕಾಗದ ತೆಳುವಾಗಿದ್ದು ಹಿಂಬದಿಯ ಅಚ್ಚು ಇಣುಕುತ್ತಿದ್ದರೆ ಪುಟದ ಹಿಂದೆ ಕಪ್ಪು ಹಾಳೆಯೊಂದನ್ನು ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಒರೆಸುವುದಕ್ಕಿಂತ ಇದು ಎಷ್ಟೋ ಮೇಲು. ಬಳಿಕ ಓರೆಯನ್ನು ನೇರಗೊಳಿಸಿ, ಕಾಗದದ ಮಾಸಲು ಬಣ್ಣ ಬಿಳುಪಾಗುವಷ್ಟೇ ಬೆಳಕನ್ನು ಏರಿಸಿ. ಅತಿಯಾದರೆ ತೆಳುಗೆರೆಗಳೂ ಮಾಯವಾಗುತ್ತವೆ.

ಕಿರಿದುಗೊಳಿಸುವುದು ಈಗ. 5.5 × 8.5 ಇಂಚಿನ ಪುಟವು 300 ಡಿಪಿಐಯಲ್ಲಿ 1,650 × 2,550 ಪಿಕ್ಸೆಲ್ (ಚಿತ್ರದ ಚುಕ್ಕೆಗಳು) ಆಗುತ್ತದೆ. ಬ್ರೌಸರ್ ಡಿಪಿಐ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪಿಕ್ಸೆಲ್‌ಗಳನ್ನಷ್ಟೇ ನೋಡುತ್ತದೆ. ಹೀಗಾಗಿ ‘72 ಡಿಪಿಐಗೆ ಇಳಿಸಿ’ ಎಂಬ ಹಳೆಯ ಸಲಹೆಯನ್ನು ಮರೆತುಬಿಡಿ. ಅಗಲವನ್ನು 1,100 ಪಿಕ್ಸೆಲ್‌ಗೆ ತಂದರೆ ಸಾಕೆಂಬುದು ನನ್ನ ಅಭಿಪ್ರಾಯ. ಇದಾದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಬೂದುಬಣ್ಣದ ಛಾಯೆಗಳನ್ನು 256ರಿಂದ 16ಕ್ಕೆ ಇಳಿಸಿ, ಜೆಪೆಗ್ ಬದಲು ಪಿಎನ್‌ಜಿ ಎಂಬ ಬಗೆಯ ಕಡತವಾಗಿ ಉಳಿಸಿ. ಹದಿನಾರು ಛಾಯೆಗಳಲ್ಲಿ ಅಕ್ಷರದ ಅಂಚು ನುಣುಪಾಗಿಯೇ ಇರುತ್ತದೆ, ಕಡತವೂ ಹಗುರವಾಗುತ್ತದೆ.

ಇನ್ನು ಆ ಧೂಳು ಜೆಪೆಗ್‌ನ ಕೊಡುಗೆ. ಅದು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿಯೊಂದರಲ್ಲೂ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಮುಖದ ಮೇಲಿನ ನೆರಳಿನಂತೆ ಮೆಲ್ಲಗೆ ಬದಲಾಗುವ ಬಣ್ಣಗಳಿಗೆ ಇದು ಸರಿ. ಕಪ್ಪು ಅಕ್ಷರ ಥಟ್ಟನೆ ಬಿಳಿ ಕಾಗದಕ್ಕೆ ತಾಗುವಲ್ಲಿ ಮಾತ್ರ ಚೌಕದ ತುಂಬ ಮಸುಕು ಕಲೆಗಳು ಹರಡುತ್ತವೆ. ಪಿಎನ್‌ಜಿ ಏನನ್ನೂ ಕೈಬಿಡುವುದಿಲ್ಲ. ಪ್ರಸಂಗದಲ್ಲಿ ಅಜ್ಜನವರ ಭಾವಚಿತ್ರವೇನಾದರೂ ಇದ್ದರೆ ಆ ಒಂದು ಪುಟವನ್ನು ಮಾತ್ರ ಜೆಪೆಗ್ ಆಗಿ ಇಡಿ.

96 ಪುಟಗಳಿಗೂ ಕೈಹಾಕುವ ಮೊದಲು, ಒತ್ತಕ್ಷರಗಳು ದಟ್ಟವಾಗಿರುವ ಒಂದು ಪುಟವನ್ನು ಹೀಗೆ ಸಿದ್ಧಪಡಿಸಿ ಮೊಬೈಲಿನಲ್ಲಿ ತೆರೆದು ಓದಿ ನೋಡಿ.