ಟ್ರೈಗ್ಲಿಸರೈಡ್ ಅರ್ಧಕ್ಕೆ ಇಳಿದು ಎಲ್‌ಡಿಎಲ್ ಏರಿದರೆ ಜೋಡಿ ಮಾತ್ರೆ ನಿಲ್ಲಿಸಬೇಕೆ?

ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆಯಾದ ರೋಸುವಾಸ್ಟಾಟಿನ್ 10 ಮಿ.ಗ್ರಾಂ ಒಂದನ್ನೇ ನುಂಗುತ್ತಿದ್ದಾಗ ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 32, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 480, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62. ಅದರ ಜೊತೆ ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್ 160 ಸೇರಿದ ಜೋಡಿ ಮಾತ್ರೆ ಶುರುವಾಗಿ ಎರಡು ತಿಂಗಳಾದ ಮೇಲೆ ಅವೇ ಅಂಕಿಗಳು 168, 36, 240, 84. ಟ್ರೈಗ್ಲಿಸರೈಡ್ ಇಳಿದದ್ದು ಹೇಗೆ, ಎಲ್‌ಡಿಎಲ್ ಏರಿದ್ದಕ್ಕೆ ಮಾತ್ರೆ ನಿಲ್ಲಿಸಬೇಕೆ ಎಂದು ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ. ಮೊದಲಿನ ಆ 62 ನಂಬುವಂಥ ಅಂಕಿಯೇ ಅಲ್ಲ.

ಲಿವರ್ ತನ್ನಲ್ಲಿಗೆ ಬಂದ ಕೊಬ್ಬಿನಾಮ್ಲಗಳನ್ನೂ ಹೆಚ್ಚಾದ ಪಿಷ್ಟ, ಸಕ್ಕರೆಯನ್ನೂ ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಆ ಸರಕನ್ನು ಒಡೆದು ಸ್ನಾಯುವಿಗೂ ಕೊಬ್ಬಿನ ಕೋಶಗಳಿಗೂ ಇಳಿಸುತ್ತದೆ. ಸರಕು ಇಳಿದಂತೆ ಕಣ ಕುಗ್ಗುತ್ತದೆ. ಹಾಗೆ ಕುಗ್ಗಿದ ಕಣಗಳಲ್ಲಿ ಕೆಲವನ್ನು ಲಿವರ್ ವಾಪಸ್ ಎಳೆದುಕೊಳ್ಳುತ್ತದೆ, ಉಳಿದವು ಕೊನೆಗೆ ಎಲ್‌ಡಿಎಲ್ ಆಗುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಲಿವರ್ ಹೆಚ್ಚು ತುಂಬುತ್ತದೆ, ಕಿಣ್ವವೂ ನಿಧಾನವಾಗುತ್ತದೆ. ತೊಂದರೆ ಎರಡೂ ಕಡೆಯಿಂದ.

ಸ್ಟಾಟಿನ್ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ. ಕೊರತೆ ಬಿದ್ದ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಅವೇ ಗ್ರಾಹಕಗಳು ವಿಎಲ್‌ಡಿಎಲ್‌ನ ಉಳಿಕೆಗಳನ್ನೂ ಹಿಡಿಯುವುದರಿಂದ ಟ್ರೈಗ್ಲಿಸರೈಡ್ ಕೂಡ ಸುಮಾರು 10ರಿಂದ 30 ಶೇಕಡಾ ಇಳಿಯುತ್ತದೆ. ಫೆನೋಫೈಬ್ರೇಟ್ ಹಿಡಿಯುವ ದಾರಿ ಬೇರೆ. ಪಿಪಿಎಆರ್-ಆಲ್ಫಾ ಎಂಬ ಸ್ವಿಚ್ ಒತ್ತಿ, ಲಿವರ್ ಕೊಬ್ಬಿನಾಮ್ಲಗಳನ್ನು ಸುಡುವಂತೆ ಮಾಡುತ್ತದೆ, ಆಗ ತುಂಬಲು ಸರಕು ಕಡಿಮೆ. ಜೊತೆಗೆ ಲೈಪೇಸ್ ಹೆಚ್ಚುತ್ತದೆ, ಆ ಕಿಣ್ವಕ್ಕೆ ಅಡ್ಡಗಾಲು ಹಾಕುವ ಅಪೋಸಿ-3 ಎಂಬ ಪ್ರೋಟೀನ್ ಕಡಿಮೆಯಾಗುತ್ತದೆ. ಇದರಿಂದ 30ರಿಂದ 50 ಶೇಕಡಾ ಇಳಿಕೆ. ತಂದೆಯವರಲ್ಲಿ ಕಂಡದ್ದು ಮುಖ್ಯವಾಗಿ ಇದರ ಕೆಲಸ. (ಎಜೆಟಿಮೈಬ್ ಸೇರಿದ ಜೋಡಿ ಮಾತ್ರೆಯೂ ಸಿಗುತ್ತದೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನಷ್ಟೇ ತಡೆಯುತ್ತದೆ. ಟ್ರೈಗ್ಲಿಸರೈಡ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ.)

ಈಗ ಎಲ್‌ಡಿಎಲ್ ಲೆಕ್ಕ. ಹಲವು ಲ್ಯಾಬುಗಳು ಅದನ್ನು ಅಳೆಯುವುದಿಲ್ಲ, ಕಳೆದು ತೆಗೆಯುತ್ತವೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆ. 190-32-96 = 62. ನಿಮ್ಮ ರಿಪೋರ್ಟೂ ಹೀಗೇ ಬಂದದ್ದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯುವುದಿಲ್ಲ; ಅಗತ್ಯಕ್ಕಿಂತ ಹೆಚ್ಚು ಕಳೆದು ಎಲ್‌ಡಿಎಲ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಏರಿಕೆಯಲ್ಲಿ ಒಂದಿಷ್ಟು ನಿಜವೂ ಇರಬಹುದು, ಏಕೆಂದರೆ ವಿಎಲ್‌ಡಿಎಲ್ ಬೇಗ ಬೇಗ ಖಾಲಿಯಾದಾಗ ಹೆಚ್ಚು ಕಣಗಳು ಎಲ್‌ಡಿಎಲ್ ಹಂತಕ್ಕೆ ಬರುತ್ತವೆ. ಈ ಗೊಂದಲ ಬೇಡವೆಂದರೆ ನಾನ್-ಎಚ್‌ಡಿಎಲ್ ನೋಡಿ, ಅಂದರೆ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮಾತ್ರ ಕಳೆದದ್ದು. ಮೊದಲು 158, ಈಗ 132. ಒಟ್ಟಾರೆ ಇಳಿದಿದೆ.

ಆದರೆ ಟ್ರೈಗ್ಲಿಸರೈಡ್ ಇಳಿದ ಮಾತ್ರಕ್ಕೆ ಹೃದಯ ಬಚಾವಾಯಿತು ಎಂದುಕೊಳ್ಳಬೇಡಿ. 2010ರಲ್ಲಿ ಪ್ರಕಟವಾದ ಅಕಾರ್ಡ್ ಅಧ್ಯಯನದಲ್ಲಿ ಸ್ಟಾಟಿನ್ ಜೊತೆ ಫೆನೋಫೈಬ್ರೇಟ್ ಸೇರಿಸಿದರೂ ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಒಟ್ಟಾರೆ ಕಡಿಮೆಯಾಗಲಿಲ್ಲ. 2022ರ ಪ್ರಾಮಿನೆಂಟ್ ಅಧ್ಯಯನದಲ್ಲಿ ಅದೇ ಫೈಬ್ರೇಟ್ ಗುಂಪಿನ ಪೆಮಾಫೈಬ್ರೇಟ್‌ನದೂ ಅದೇ ಕಥೆ. ಹೃದಯ ಕಾಯುವ ಕೆಲಸ ಸ್ಟಾಟಿನ್‌ನದು. ಫೆನೋಫೈಬ್ರೇಟ್‌ಗೆ ಗಟ್ಟಿ ಕಾರಣ ಎಂದರೆ ಟ್ರೈಗ್ಲಿಸರೈಡ್ 500 ದಾಟಿದಾಗ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗುವ ಭಯ. ಅಂಕಿ 1000ದತ್ತ ಹೋದಂತೆ ಅದು ಜೋರಾಗುತ್ತದೆ. 480 ಆ ಗಡಿಯ ಹತ್ತಿರವೇ ಇತ್ತು, ಹಾಗಾಗಿ ವೈದ್ಯರು ಸೇರಿಸಿದ್ದು ನನಗೆ ಸರಿಯಾಗಿಯೇ ಕಾಣುತ್ತದೆ.

ಎಡವಟ್ಟಾಗುವ ಜಾಗಗಳು ಕೆಲವಿವೆ. 160ರ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಊಟದ ಜೊತೆಗೇ ಕೊಡಿ. ರೋಸುವಾಸ್ಟಾಟಿನ್‌ಗೆ ಹೊತ್ತಿನ ಕಟ್ಟಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಾಮಾನ್ಯ, ಮಾತ್ರೆ ಬಿಟ್ಟರೆ ಇಳಿಯುತ್ತದೆ. ಆದರೆ ಇಜಿಎಫ್ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗ) 60ಕ್ಕಿಂತ ಕೆಳಗಿದ್ದರೆ ಫೆನೋಫೈಬ್ರೇಟ್ ಪ್ರಮಾಣ ತಗ್ಗಿಸಬೇಕು, 30ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಕಾರಣವಿಲ್ಲದೆ ತೊಡೆ, ಭುಜ ನೋಯತೊಡಗಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಸ್ನಾಯು ಹಾಳಾಗುವ ಈ ಅಪಾಯ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಫೈಬ್ರೇಟ್‌ನಲ್ಲಿ ತುಂಬಾ ಹೆಚ್ಚು. ಸ್ಟಾಟಿನ್ ದೇಹದಿಂದ ಹೊರಹೋಗುವುದನ್ನು ಅದು ತಡೆಯುತ್ತದೆ, ಆದ್ದರಿಂದ ಅಂಗಡಿಯವರು ಬದಲಿ ಎಂದು ಕೊಟ್ಟರೂ ಬೇಡ.

ಮಾತ್ರೆಯ ಜೊತೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಥೈರಾಯ್ಡ್, ಮದ್ಯಪಾನ ಈ ಮೂರನ್ನೂ ನೋಡಬೇಕು. ಸಕ್ಕರೆ ಹತೋಟಿಗೆ ಬಂದರೆ ಟ್ರೈಗ್ಲಿಸರೈಡ್ ತಾನೂ ಇಳಿಯುವುದುಂಟು. ಬಹಳ ಮನೆಗಳಲ್ಲಿ ತುಪ್ಪ ಮಾತ್ರ ನಿಲ್ಲಿಸಿ, ತಟ್ಟೆ ತುಂಬ ಅನ್ನ ಮತ್ತು ಸಕ್ಕರೆ ಕಾಫಿಯನ್ನು ಹಾಗೇ ಮುಂದುವರಿಸುತ್ತಾರೆ. ಟ್ರೈಗ್ಲಿಸರೈಡ್ ವಿಷಯದಲ್ಲಿ ಅದು ಉಲ್ಟಾ ಲೆಕ್ಕ.

ಮುಂದಿನ ಪರೀಕ್ಷೆ ಎರಡು-ಮೂರು ತಿಂಗಳಿಗೆ ಇರಲಿ. ಹಿಂದಿನ ಎರಡು ದಿನ ಮದ್ಯ ಬೇಡ, 10-12 ತಾಸು ಉಪವಾಸವಿದ್ದು ರಕ್ತ ಕೊಡಲಿ. ಬೆಳಗಿನ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಲಿಪಿಡ್ ಜೊತೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆಯಾದ ಎಸ್‌ಜಿಪಿಟಿ ಮಾಡಿಸಿ. ಸಕ್ಕರೆ ಕಾಯಿಲೆಯ ಬಹಳ ಜನರಿಗೆ ನಾನ್-ಎಚ್‌ಡಿಎಲ್ ಗುರಿ 100ಕ್ಕಿಂತ ಕಡಿಮೆ. ಆಗಲೂ ಅದರ ಮೇಲಿದ್ದರೆ ರೋಸುವಾಸ್ಟಾಟಿನ್ 20 ಮಾಡುವುದೋ, ಎಜೆಟಿಮೈಬ್ 10 ಸೇರಿಸುವುದೋ ಎಂದು ವೈದ್ಯರನ್ನು ಕೇಳಿ. ಫೈಬ್ರೇಟ್ ಜೊತೆ ರೋಸುವಾಸ್ಟಾಟಿನ್ 40 ಮಾತ್ರ ಬೇಡ.