ಬ್ಲೇಡ್ ಕಾಲಿನ ಜಿಗಿತ: ಒಲಿಂಪಿಕ್ಸ್‌ಗೆ ಯಾಕಿಲ್ಲ?

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಲಾಂಗ್ ಜಂಪ್ ಮಾಡುತ್ತೇನೆ. ಜರ್ಮನಿಯ ಮಾರ್ಕಸ್ ರೆಹ್ಮ್ ಮಂಡಿಯ ಕೆಳಗೆ ಇಲ್ಲದ ಬಲಗಾಲಿಗೆ ಬ್ಲೇಡ್ (ಕೃತಕ ಕಾಲು) ಹಾಕಿಕೊಂಡು 8.72 ಮೀಟರ್ ಹಾರಿದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗ್ರೀಸ್‌ನ ಟೆಂಟೊಗ್ಲು ಚಿನ್ನ ಗೆದ್ದಿದ್ದು 8.41ಕ್ಕೆ. ಆದರೂ ರೆಹ್ಮ್‌ಗೆ ಒಲಿಂಪಿಕ್ಸ್‌ನಲ್ಲಿ ಜಾಗ ಇಲ್ಲ. ಬ್ಲೇಡ್ ಅಂದ್ರೆ ಸ್ಪ್ರಿಂಗ್, ಬಿಡದೇ ಇದ್ದದ್ದೇ ಸರಿ ಅಂತಾರೆ ನಮ್ಮ ಕೋಚ್. ಹೌದಾ ಸರ್?

ಉತ್ತರ: ಅರ್ಧ ಹೌದು. ಬ್ಲೇಡ್ ಸ್ಪ್ರಿಂಗೇ, ಆದರೆ ಮೋಟರ್ ಅಲ್ಲ. ಬಾಗಿದ ಕಾರ್ಬನ್ ಫೈಬರ್ ಪಟ್ಟಿ ಅದು. ತುಳಿದಾಗ ಕೊಟ್ಟ ಶಕ್ತಿಯಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ವಾಪಸ್ ಕೊಡುತ್ತದೆ. ತಾನಾಗಿ ಏನೂ ಸೇರಿಸುವುದಿಲ್ಲ. ನಿಮ್ಮ ಮೀನಖಂಡ ಸೇರಿಸುತ್ತದೆ.

ನೀವು ನೆಗೆಯುವ ಬೋರ್ಡ್ ಮೇಲೆ ಕಾಲಿಡುವ ಗಳಿಗೆ ನೆನಪಿಸಿಕೊಳ್ಳಿ. ಪಾದ ಬಡಿಯುತ್ತದೆ, ಮಂಡಿ ಸ್ವಲ್ಪ ಬಾಗುತ್ತದೆ, ಓಡಿ ಕೂಡಿಸಿದ್ದರಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತದೆ. ರೆಹ್ಮ್ ನೆಗೆಯುವುದು ಬ್ಲೇಡ್ ಕಾಲಿನಿಂದಲೇ. ಅಲ್ಲಿ ಸೋರಿಕೆ ಕಡಿಮೆ. 2016ರಲ್ಲಿ ಜರ್ಮನಿ, ಜಪಾನ್, ಅಮೆರಿಕದ ಸಂಶೋಧಕರು ಸೇರಿ ಅಳೆದು ನೋಡಿದರು. ಓಡಿ ಬರುವಾಗ ಬ್ಲೇಡ್‌ನಿಂದ ತೊಂದರೆ, ನೆಗೆಯುವಾಗ ಅನುಕೂಲ. ಕೂಡಿ ಕಳೆದು ಕೊನೆಗೆ ಲಾಭವೋ ನಷ್ಟವೋ ಹೇಳಲು ಅವರಿಂದಲೂ ಆಗಲಿಲ್ಲ.

ಅಷ್ಟರಲ್ಲಿ ನಿಯಮ ಬದಲಾಗಿತ್ತು. 2008ರಲ್ಲಿ ಎರಡೂ ಕಾಲಿಗೆ ಬ್ಲೇಡ್ ಹಾಕಿ ಓಡುತ್ತಿದ್ದ ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್ ಪ್ರಕರಣ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋದಾಗ, ಲಾಭ ಇದೆ ಅಂತ ತೋರಿಸಬೇಕಾದವರು ವಿಶ್ವ ಅಥ್ಲೆಟಿಕ್ಸ್ ಫೆಡರೇಷನ್‌ನವರು. ತೋರಿಸಲಾಗಲಿಲ್ಲ. ಪಿಸ್ಟೋರಿಯಸ್ 2012ರಲ್ಲಿ ಲಂಡನ್‌ನಲ್ಲಿ 400 ಮೀಟರ್ ಸೆಮಿಫೈನಲ್ ಓಡಿದರು. 2015ರಲ್ಲಿ ಫೆಡರೇಷನ್ ಸಾಬೀತು ಮಾಡುವ ಆ ಹೊರೆಯನ್ನು ಅಥ್ಲೀಟ್ ಹೆಗಲಿಗೆ ಹಾಕಿತು. ಇದು ನನಗೆ ಬಹಳ ನೋವಿನ ವಿಷಯ. ಲಾಭ ಇಲ್ಲ ಅಂತ ಸಾಬೀತು ಮಾಡಲು ಓಡುವ ಹುಡುಗ ಲ್ಯಾಬ್‌ನಿಂದ ಲ್ಯಾಬ್‌ಗೆ ಅಲೆಯಬೇಕಾ? 2020ರಲ್ಲಿ ಅಮೆರಿಕದ ಓಟಗಾರ ಬ್ಲೇಕ್ ಲೀಪರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಹೊರೆ ಸರಿಯಲ್ಲ ಎಂದಿತು.

ಹಾಗಂತ ಲೀಪರ್‌ಗೆ ಓಡಲು ಒಪ್ಪಿಗೆ ಸಿಗಲಿಲ್ಲ. ಅವರಿಗೆ ಎರಡೂ ಕಾಲು ಮಂಡಿಯ ಕೆಳಗೆ ಇಲ್ಲ. ಕಾಲಿದ್ದಿದ್ದರೆ ಎಷ್ಟು ಎತ್ತರ ಇರುತ್ತಿದ್ದರೋ, ಬ್ಲೇಡ್ ಮೇಲೆ ಅದಕ್ಕಿಂತ ಸುಮಾರು 15 ಸೆಂ.ಮೀ. ಜಾಸ್ತಿ. ಕಾಲು ಉದ್ದವಾದರೆ ಹೆಜ್ಜೆಯೂ ಉದ್ದ ಅಲ್ವಾ? ಆ ತೀರ್ಪು ನನಗೆ ಸರಿ ಅನ್ನಿಸುತ್ತದೆ. ರೆಹ್ಮ್‌ಗೆ ಒಂದು ಕಾಲು ಅವರದ್ದೇ, ಅಷ್ಟೆಲ್ಲ ಎತ್ತರ ಏರಿಸಿಕೊಳ್ಳಲು ಆಗುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ನಿಮ್ಮ ಕೋಚ್‌ಗೆ ಹೇಳಿ.

ಟೋಕಿಯೊಗೆ ಮುಂಚೆ ರೆಹ್ಮ್, ಪದಕದ ಲೆಕ್ಕದಿಂದ ಹೊರಗಿಟ್ಟರೂ ಸರಿ, ಜೊತೆಯಲ್ಲಿ ಹಾರಲು ಬಿಡಿ ಎಂದಿದ್ದರು. 2021ರ ಜುಲೈನಲ್ಲಿ ನ್ಯಾಯಾಲಯ ಅವರ ಮನವಿ ತಳ್ಳಿಹಾಕಿತು. ಬಿಡಬೇಕಿತ್ತು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಬೇರೆ ಗುರುತು ಹಾಕಿದ್ದರೆ ಸಾಕಿತ್ತು, ಟೆಂಟೊಗ್ಲು ಅವರ ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ.